ಎರಡು ಮೆಟ್ಟಿಲು, ಐದು ಹಲಗೆ

೧೯೯೩ರಲ್ಲಿ ನಾನು ಓದು ಬಿಟ್ಟೆ. ಒಂಬತ್ತನೆಯ ಇಯತ್ತೆ. ದೀಪಾವಳಿ ಸೂಟಿ ಮುಗಿದು ಎಲ್ಲರೂ ಸಾಲಿಗೆ ಹೋದರು, ನಾನು ಗದಗಿನ ಒಂದು ಖಾನಾವಳಿಗೆ ಹೋದೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆ ಒಲೆಯಿಂದ ಪುಣೆಯ ಹೋಟೆಲಿಗೆ, ಅಲ್ಲಿಂದ ಅಡುಗೆಯವನ ವೀಸಾದ ಮೇಲೆ ಸ್ಟುಟ್‌ಗಾರ್ಟಿಗೆ ಬಂದೆ. ಇಲ್ಲಿಯ ನಮ್ಮ ಕನ್ನಡದವರು ಹೆಚ್ಚಿನವರು ಎಂಜಿನಿಯರುಗಳು. ಅವರ ಹಬ್ಬಕ್ಕೆ ಇನ್ನೂರು ಜನರ ಅಡುಗೆ ನನ್ನದು. ಕೈರುಚಿ ಹೊಗಳುತ್ತಾರೆ, ಕಮಿಟಿ ಸಭೆಗೆ ಕರೆಯುವುದಿಲ್ಲ.

ನನ್ನ ಮಗಳಿಗೆ ಹದಿನಾರು. ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಓಡಾಡುತ್ತಾಳೆ ಎಂದೇ ಬರೆಯುತ್ತೇನೆ. ಎಸ್-ಬಾನ್ ರೈಲು ಹತ್ತಿ, ನಿಲ್ದಾಣದ ಲಿಫ್ಟ್ ಕೆಟ್ಟಿದ್ದರೆ ಫೋನು ಮಾಡಿ ಜಗಳ ತೆಗೆದು, ಒಬ್ಬಳೇ ಶಾಲೆಗೆ ಹೋಗಿ ಬರುವ ಹುಡುಗಿ. ಅವಳಿಗೆ ಸೋಲು ಅನ್ನುವುದು ಇದ್ದದ್ದು ನಮ್ಮವರು ಹಬ್ಬ ಮಾಡುವ ಹಾಲಿನ ಬಾಗಿಲಲ್ಲಿ. ಎರಡೇ ಮೆಟ್ಟಿಲು.

ಹೋದ ವರ್ಷದ ಗಣೇಶ ಹಬ್ಬಕ್ಕೆ ನಾಲ್ಕು ಗಂಡಸರು, ಒಂದು ಮಾತು ಕೇಳದೆ, ಅವಳನ್ನು ಕುರ್ಚಿ ಸಮೇತ ಎತ್ತಿ ಒಳಗೆ ಒಯ್ದರು. ಇಲ್ಲಿಯ ಕನ್ನಡ ಸಂಘದ ಸುದ್ದಿಪತ್ರದಲ್ಲಿ ಫೋಟೊ ಬಂತು. ನಾಲ್ವರೂ ನಗುತ್ತಿದ್ದಾರೆ, ನಡುವೆ ಇವಳು ಕುರ್ಚಿಯ ಕೈ ಬಿಗಿಹಿಡಿದು ಕಣ್ಣು ಮುಚ್ಚಿದ್ದಾಳೆ. ಕೆಳಗೆ, ‘ದೇವರ ಮಗುವಿಗೆ ನಮ್ಮ ಹೆಗಲು’.

“ಅಪ್ಪಾ, ನಾ ಏನ್ ಸೋಫಾ ಇದ್ದೇನೇನು?” ಎಂದಳು.

ಆಮೇಲೆ ಒಂದು ಪುಟ ಬರೆದಳು. ಸಂಘದ ಪ್ರತಿ ಪ್ರಕಟಣೆಯಲ್ಲೂ ಹಾಲಿಗೆ ಎಷ್ಟು ಮೆಟ್ಟಿಲು, ಪಾಯಿಖಾನೆಯ ಬಾಗಿಲು ಎಷ್ಟು ಅಗಲ, ಲಿಫ್ಟ್ ಇರುವ ನಿಲ್ದಾಣ ಯಾವುದು ಎಂದು ಹಾಕಿರಿ, ಬರುವುದೋ ಬಿಡುವುದೋ ನಾವೇ ನಿರ್ಧರಿಸುತ್ತೇವೆ ಎಂದು. ತಾಯಿಯ ಹತ್ತಿರ ಕೂತು ಕನ್ನಡ ತಿದ್ದಿಸಿಕೊಂಡು ಸುದ್ದಿಪತ್ರಕ್ಕೆ ಕಳಿಸಿದಳು. ಸಂಘದ ಕಾರ್ಯದರ್ಶಿ, ಬೆಂಗಳೂರಿನವರು, ನನಗೆ ಫೋನು ಮಾಡಿದರು.

“ಅಣ್ಣ, ಚೆನ್ನಾಗೇ ಬರ್ದಿದಾಳೆ. ಆದ್ರೆ ನ್ಯೂಸ್‌ಲೆಟರ್ ಸ್ವಲ್ಪ ಪಾಸಿಟಿವ್ ಆಗಿರ್ಬೇಕು ನೋಡಿ. ಈ ಸಲದ ಗಣೇಶನ ಹಬ್ಬದ ದಿನ ಸ್ಟೇಜ್ ಮೇಲೆ ಐದ್ ನಿಮಿಷ ಓದ್ಬಿಡ್ಲಿ.”

“ಓದತಾಳ್ರಿ. ಆದ್ರ ಯಾರೂ ಎತ್ತಂಗಿಲ್ಲ. ತಾನ ಒಳಗ ಬರತಾಳ.”

“ಹೆಂಗಣ್ಣ? ಹಾಲ್‌ನವ್ರ ಹತ್ರ ರ‍್ಯಾಂಪ್ ಇಲ್ವಲ್ಲ.”

“ಅದನ್ನ ನನಗ ಬಿಡ್ರಿ.”

ಎರಡು ಮೆಟ್ಟಿಲು ಸೇರಿ ಮೂವತ್ತು ಸೆಂಟಿಮೀಟರು. ಮೀಟರಿಗೆ ಆರು ಸೆಂಟಿಮೀಟರಿಗಿಂತ ಹೆಚ್ಚು ಏರಬಾರದು, ಅದು ಇಲ್ಲಿಯ ನಿಯಮ ಎಂದಳು ಮಗಳು. ಒಂಬತ್ತನೆಯ ಇಯತ್ತೆಯವನಿಗೂ ತ್ರೈರಾಶಿ ಬರುತ್ತದೆ. ಐದು ಮೀಟರು. ಹೋಟೆಲಿಗೆ ರಜೆಯಿರುವ ಮೂರು ಸೋಮವಾರ ನೆಲಮಾಳಿಗೆಯ ಕೆಲ್ಲರ್‌ನಲ್ಲಿ ಕೂತು ಐದು ಹಲಗೆ ಮಾಡಿದೆ, ಜಾರದಂತೆ ಮೇಲೆ ಒರಟು ಮ್ಯಾಟು ಅಂಟಿಸಿದೆ. ಮಗಳು ಅಂಗಳದಲ್ಲಿ ಹತ್ತಿ ಇಳಿದು ನೋಡಿದಳು. ಮತ್ತೊಮ್ಮೆ ಹತ್ತಿದಳು.

ಹಬ್ಬದ ದಿನ ಬೆಳಿಗ್ಗೆ ಆರಕ್ಕೆ ನಾನೊಬ್ಬನೇ ಹಲಗೆ ಜೋಡಿಸಿದೆ. ಮಳೆ ಬಂದು ನಿಂತಿತ್ತು. ಹೂವು ತಂದ ಹುಡುಗನೊಬ್ಬ ಜೇಬಿನಿಂದ ಫೋನು ತೆಗೆದು, “ಏನಣ್ಣ, ಫ್ಲೈಓವರ್ರೇ ಕಟ್ಬಿಟ್ರಾ!” ಎಂದ.

“ಎಂಜಿನಿಯರು ನೀವು ಕಟ್ಟಲಿಲ್ಲಲ್ಲಪಾ, ಅದಕ್ಕ.”

ಹಲಗೆಯ ಫೋಟೊ ತೆಗೆಯಲು ಅವನನ್ನು ಅಲ್ಲೇ ಬಿಟ್ಟು, ಒಳಗೆ ಗಣಪತಿಗೆ ಕೈಮುಗಿದು ಅಡುಗೆಮನೆ ಸೇರಿದೆ. ಎಣ್ಣೆಗಾಯಿ, ಚಿತ್ರಾನ್ನ, ನಾನೂರು ಕರಿಗಡಬು. ಹನ್ನೊಂದರ ಹೊತ್ತಿಗೆ ಹೆಂಡತಿಯ ಫೋನು. “ಹೊರಗ ಬರ್ರಿ ಜಲ್ದಿ.”

ಹಲಗೆಗಳು ಕಾಣುತ್ತಿರಲಿಲ್ಲ. ಕೆಳಗಿನಿಂದ ಬಾಗಿಲವರೆಗೆ ಚಪ್ಪಲಿ, ಬೂಟು, ಮಕ್ಕಳ ಶೂ, ಒಂದರ ಮೇಲೊಂದು. ಅಂಗಳ ಒದ್ದೆ, ಹಲಗೆ ಒಣ, ಮೇಲೆ ಮ್ಯಾಟು ಬೇರೆ. ಪೂಜೆಗೆ ಬಂದವರು ಇನ್ನೆಲ್ಲಿ ಬಿಡಬೇಕು? ಮಗಳು ಕೆಳಗೆ ರೇಷ್ಮೆ ಲಂಗ ಸರಿಮಾಡಿಕೊಂಡು, ತೊಡೆಯ ಮೇಲೆ ಆ ಪುಟವನ್ನಿಟ್ಟುಕೊಂಡು ಕೂತಿದ್ದಳು. ಆಗಲೇ ನಾಲ್ಕು ಜನ ಅಂಗಿಯ ತೋಳು ಮಡಿಸುತ್ತಿದ್ದರು.

“ಮುಟ್ಟಬ್ಯಾಡ್ರಿ!” ಎಂದು ಕೂಗಿದಳು.

“ಮಂಗಳಾರತಿ ಟೈಮ್ ಆಯ್ತು ಪುಟ್ಟಿ, ಇದೊಂದ್ಸಲ ಅಡ್ಜಸ್ಟ್ ಮಾಡ್ಕೊ,” ಎಂದರು ಕಾರ್ಯದರ್ಶಿ. ಕೈಯಲ್ಲಿ ಫೋಟೊಕ್ಕೆ ತಯಾರಾದ ಫೋನು.

ನಾನು ಚಪ್ಪಲಿಗಳನ್ನು ಬಾಚಿ ಬಾಚಿ ಅಂಗಳಕ್ಕೆ ಎಸೆದೆ. “ಇದೇನ್ ಚಪ್ಪಲಿ ಸ್ಟ್ಯಾಂಡ್ ಅಂತ ತಿಳದೀರೇನು? ಇಷ್ಟೆಲ್ಲಾ ಓದೀರಿ! ಯಾಂವ ಅಂವ, ಮೊದಲ ಇಲ್ಲಿ ಬಿಟ್ಟಾಂವ?”

ಮಗಳು ಬೆರಳು ತೋರಿಸಿದಳು. ಬಾಗಿಲ ಬುಡದಲ್ಲಿ, ಎಲ್ಲದಕ್ಕೂ ಕೆಳಗೆ, ತುದಿಗೆ ಅರಿಶಿನ ಹತ್ತಿದ ಒಂದು ಜೊತೆ ಕರಿ ಬೂಟು.

“ಅಪ್ಪಾ, ಅವು ನಿನ್ನವ.”

ಬೆಳಿಗ್ಗೆ ದೇವರಿಗೆ ಕೈಮುಗಿಯಲು ಹೋಗುವಾಗ ಬಿಟ್ಟದ್ದು. ಒಂದು ಜೊತೆ ಕಂಡಲ್ಲಿ ಇನ್ನೊಂದು ಜೊತೆ ಬಿಡುವವರು ನಮ್ಮ ಜನ, ಅದಕ್ಕೆ ಬೋರ್ಡು ಬೇಕಿಲ್ಲ. ಮೂರು ಸೋಮವಾರ ಕಟ್ಟಿದವನೇ ಅದನ್ನು ಚಪ್ಪಲಿಯ ಜಾಗ ಮಾಡಿದ್ದೆ.

ಅವಳು ಹಲಗೆ ಹತ್ತದೆ ನಿಲ್ದಾಣದ ಕಡೆಗೆ ಕುರ್ಚಿ ತಿರುಗಿಸಿದಳು. ತಾಯಿ ಹಿಂದೆ ಹೋದಳು. ನಾನೂ ಹೋಗಬೇಕಿತ್ತು. ಎಣ್ಣೆಯಲ್ಲಿ ಕಡಬು ಇತ್ತು, ಇನ್ನೂರು ಎಲೆಗೆ ಮಾತು ಕೊಟ್ಟಿದ್ದೆ. ಒಳಗೆ ಹೋಗಿ ಬಡಿಸಿದೆ. ಯಾರ ಎಲೆಯಲ್ಲೂ ಏನೂ ಕಡಿಮೆ ಬೀಳಲಿಲ್ಲ, ಅದಕ್ಕೆ ಆವತ್ತು ಹೆಮ್ಮೆಯನ್ನೂ ಪಟ್ಟೆ. ಈಗ ತಲೆ ತಗ್ಗಿಸುವಂತೆ ಮಾಡುವುದು ಆ ಹೆಮ್ಮೆಯೇ.

ಮುಂದಿನ ಸುದ್ದಿಪತ್ರದಲ್ಲಿ ಬಂತು: ‘ಗಾಲಿಕುರ್ಚಿಯವರಿಗಾಗಿ ಈ ಬಾರಿ ಸಂಘವು ವಿಶೇಷ ರ‍್ಯಾಂಪ್ ವ್ಯವಸ್ಥೆ ಮಾಡಿತ್ತು.’ ಜೊತೆಗೆ ಬೆಳಗಿನ ಫೋಟೊ. ಖಾಲಿ ಹಲಗೆ, ತುದಿಯಲ್ಲಿ ನನ್ನ ಬೂಟು. ಮಗಳ ಪುಟ ಅದರಲ್ಲಿರಲಿಲ್ಲ. ಅವಳು ಗುರುವಾರ ಗುರುವಾರ ಹೋಗುವ ಅಂಗವಿಕಲರ ಕೂಟದ ಜರ್ಮನ್ ಪತ್ರಿಕೆಯಲ್ಲಿ ಬಂತು. ಬೆರಳಿಟ್ಟು ಓದಿದೆ. ಒಂದು ಸಾಲು ಹೊಸದಾಗಿ ಸೇರಿಸಿದ್ದಳು: ರ‍್ಯಾಂಪ್ ಕಟ್ಟಿದವರು ನನ್ನ ತಂದೆ, ಅದರ ಮೇಲೆ ಮೊದಲು ಬೂಟು ಬಿಟ್ಟವರೂ ಅವರೇ.

ಈಗ ನನ್ನ ಹತ್ತಿರ ಇರುವುದು ಕೆಲ್ಲರ್‌ನಲ್ಲಿ ಐದು ಹಲಗೆ, ಎರಡು ಸುದ್ದಿಪತ್ರ, ಒಂದು ಜರ್ಮನ್ ಪುಟ, ಒಂದು ಜೊತೆ ಬೂಟು, ಮತ್ತು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ಒಬ್ಬಳು ಮಗಳು.