ಭೂತದರ್ಶನ ಮತ್ತು ವಾಯುಸೇವನೆ

ನಮ್ಮ ಶಹಾಬಾದಿನಲ್ಲಿ ಟೀವಿಯ ಗಾಜು ಒರೆಸುವುದೆಂದರೆ ಸ್ನಾನ, ಪೂಜೆಗಳ ಸಾಲಿಗೆ ಸೇರಿದ ನಿತ್ಯಕರ್ಮ. ಕಲ್ಲು ಕೊಯ್ಯುವ ಯಂತ್ರಗಳು ಎಬ್ಬಿಸುವ ಬಿಳಿ ಧೂಳು ಕಿಟಕಿ ಮುಚ್ಚಿದ್ದರೂ ಒಳಗೆ ಬಂದು, ಆಹ್ವಾನವಿಲ್ಲದ ನೆಂಟನ ಹಾಗೆ ಎದುರಿಗೇ ಕೂರುತ್ತದೆ. ಬಣ್ಣದ ಚಿತ್ರದ ಮೇಲೆ ಅದು ಬರಿಯ ಧೂಳು. ಆದರೆ ಹಳೆಯ ಕಪ್ಪು-ಬಿಳುಪಿನ ದೆವ್ವದ ಚಿತ್ರ ಹಾಕಿ ನೋಡಿ, ಅದೇ ಧೂಳು ಸ್ಮಶಾನದ ಮಂಜಾಗಿ ಪದೋನ್ನತಿ ಪಡೆಯುತ್ತದೆ.

ಈ ದೆವ್ವಗಳು ನಮ್ಮ ಮನೆ ಹೊಕ್ಕದ್ದು ವೈದ್ಯಕೀಯ ಕಾರಣಕ್ಕಾಗಿ. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ನಮ್ಮವರು, ಶರಣಪ್ಪನವರು, ಒಂದು ಸಂಜೆ ಬಜಾರದಿಂದ ಬರುವಾಗ ರಸ್ತೆಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಕಲ್ಲಿನ ಪಾಲಿಶ್ ಯಾರ್ಡ್ ಇಟ್ಟಿರುವ ಪಕ್ಕದ ಮನೆಯ ಮಹಬೂಬ್ ಸಾಹೇಬರು ಕಂಡು, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸಾಗಿಸುವ ತಮ್ಮ ಟೆಂಪೋದಲ್ಲೇ ಅವರನ್ನು ಮಲಗಿಸಿಕೊಂಡು ಕಲಬುರಗಿ ಮುಟ್ಟಿಸಿದರು. ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ವೈದ್ಯರು ಹೇಳಿದ್ದು ಇಷ್ಟೇ: ದಿನಾ ನಡೆಯಬೇಕು, ಉದ್ವೇಗ ಮಾಡಿಕೊಳ್ಳಬಾರದು. ನಮ್ಮವರು ಎರಡನೆಯ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಮೊದಲನೆಯದರಿಂದಲೇ ಉದ್ವೇಗವಾಗುತ್ತದೆಂದು ತೀರ್ಮಾನಿಸಿ ಹೊಸ್ತಿಲು ದಾಟುವುದನ್ನೇ ಬಿಟ್ಟರು. ನಾನು ಚಪ್ಪಲಿ ತಂದು ಮುಂದಿಟ್ಟರೆ, ಅದು ಯಾರದೋ ಎನ್ನುವಂತೆ ನೋಡುತ್ತಿದ್ದರು.

ಕೂತಲ್ಲೇ ಕೂತವರಿಗೆ ಟೀವಿಯ ಸುದ್ದಿಯೇ ಗತಿಯಾಯಿತು. ಸುದ್ದಿ ಓದುವವರು ಕೂಗಿದಂತೆಲ್ಲ ಇವರ ರಕ್ತದೊತ್ತಡ ಏರುತ್ತಿತ್ತು. ಕೊನೆಗೆ ನಮ್ಮನ್ನು ನೋಡಲು ಸೇಡಂನಿಂದ ಬಂದಿದ್ದ ನನ್ನ ತಂಗಿ ಟೀವಿಗೆ ಇಂಟರ್ನೆಟ್ ಜೋಡಿಸಿಕೊಟ್ಟಳು. ಅವಳು ಹೋದ ಮೇಲೆ ವಚನಗಾಯನ ಹುಡುಕಲು ಹೋಗಿ ನಾನು ಏನನ್ನೋ ಒತ್ತಿದೆ. ಕೋರೆಹಲ್ಲಿನ ಪರದೇಶದ ಶ್ರೀಮಂತನೊಬ್ಬ ಶವಪೆಟ್ಟಿಗೆಯಿಂದ ಎದ್ದು ಕೂತ. ಗಾಬರಿಯಿಂದ ತಿರುಗಿ ನೋಡಿದರೆ ನಮ್ಮವರು ಸುಖವಾಗಿ ಗೊರಕೆ ಹೊಡೆಯುತ್ತಿದ್ದರು. ಕನ್ನಡದಲ್ಲಿ ವರ್ತಮಾನವೆಂದರೆ ಈಗಿನ ಕಾಲವೂ ಹೌದು, ಸುದ್ದಿಯೂ ಹೌದು. ಭೂತವೆಂದರೆ ಸಂದ ಕಾಲವೂ ಹೌದು, ದೆವ್ವವೂ ಹೌದು. ಆಯುಷ್ಯವೆಲ್ಲ ಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಈ ಶ್ಲೇಷೆಯ ಔಷಧೀಯ ಗುಣ ತಿಳಿದದ್ದು ಅಂದು. ವರ್ತಮಾನಕ್ಕೆ ಏರಿದ ಒತ್ತಡ ಭೂತಕ್ಕೆ ಇಳಿಯುತ್ತದೆ.

ಅಲ್ಲಿಂದ ನಮ್ಮ ಮಧ್ಯಾಹ್ನಗಳೆಲ್ಲ ದೆವ್ವದ ಚಿತ್ರಗಳಿಗೇ ಮೀಸಲಾದವು. ದೆವ್ವಗಳಿಂದ ಬೇಸರವಾದಾಗ ವಿಜ್ಞಾನದ ಕಲ್ಪನಾಚಿತ್ರಗಳಿಗೆ ಹೊರಳುತ್ತಿದ್ದೆವು. ಹಾರುವ ತಟ್ಟೆಗಳು ದಾರದಲ್ಲಿ ತೂಗುತ್ತಿದ್ದುದು ಕಾಣುತ್ತಿತ್ತು. ರಾಕೆಟ್ಟಿನ ಗಗನಯಾತ್ರಿಗಳು ಮದುವೆಗೆ ಹೊರಟವರಂತೆ ಇಸ್ತ್ರಿಯ ಅಂಗಿಯಲ್ಲಿ ಚಂದ್ರನ ಮೇಲೆ ಇಳಿಯುತ್ತಿದ್ದರು. "ಇದೇನು ಚಂದ್ರಲೋಕ? ನಮ್ಮ ಫರ್ಸಿ ಖಣಿ ಕಂಡಂಗ ಅದ" ಎಂದು ನಮ್ಮವರು ಅರೆಗಣ್ಣಲ್ಲೇ ತೀರ್ಪು ಕೊಡುತ್ತಿದ್ದರು. ಆ ಚಿತ್ರಗಳು ಕಂಡ ಭವಿಷ್ಯವೂ ಈಗ ಭೂತವೇ ಆಗಿದೆಯಲ್ಲ ಎಂಬ ಗಂಭೀರ ವಿಚಾರ ನನಗೆ ಬಂದರೂ, ಹೇಳೋಣವೆಂದರೆ ಕೇಳುವವರು ನಿದ್ದೆಯಲ್ಲಿರುತ್ತಿದ್ದರು.

ಎಚ್ಚರವಿದ್ದು ಹೆದರುವ ಕರ್ತವ್ಯವನ್ನು ಮಹಬೂಬ್ ಸಾಹೇಬರು ವಹಿಸಿಕೊಂಡಿದ್ದರು. ಯಾರ್ಡಿನಲ್ಲಿ ಊಟದ ಬಿಡುವಾದಾಗ ಗೆಳೆಯನನ್ನು ಮಾತಾಡಿಸಲು ಬಂದವರು ಚಿತ್ರ ಮುಗಿಯುವವರೆಗೆ ಏಳುತ್ತಿರಲಿಲ್ಲ. ಎರಡೂ ಕಾಲು ಸೋಫಾದ ಮೇಲೆ ಎಳೆದುಕೊಂಡು, ದಿಂಬು ಅಪ್ಪಿಕೊಂಡು ಕೂರುತ್ತಿದ್ದ ಆ ದಪ್ಪ ಮೀಸೆಯ ಮನುಷ್ಯ, ಮೆಟ್ಟಿಲಿಳಿಯುವ ನಾಯಕಿಗೆ, "ಅರೆ ತಂಗೀ, ಹಿಂದ ನೋಡಬೇ! ಹಿಂದ ಅದಾನ!" ಎಂದು ಕೂಗಿ ಹೇಳುತ್ತಿದ್ದರು. ಅವಳು ಇಂಗ್ಲಿಷಿನವಳು, ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಗೋರಿಯಿಂದ ಎದ್ದುಬಂದ ಹೆಣವೊಂದರ ಚಿತ್ರ ಹತ್ತಿತ್ತು. ಮೈತುಂಬ ಬಟ್ಟೆಪಟ್ಟಿ ಸುತ್ತಿಕೊಂಡು, ಒಂದು ಕೈ ಮುಂದೆ ಚಾಚಿ, ಒಂದು ಕಾಲು ಎಳೆಯುತ್ತ ಅದು ಬರುವ ವೇಗಕ್ಕೆ ಎಮ್ಮೆಯೂ ಅದನ್ನು ಹಿಂದೆ ಹಾಕುತ್ತಿತ್ತು. ಆದರೂ ಎದುರಾದವರೆಲ್ಲ ಸಿಕ್ಕಿಬೀಳುತ್ತಿದ್ದರು. ಮಹಬೂಬ್ ಸಾಹೇಬರಿಗೆ ಸಹನೆ ತಪ್ಪಿತು.

"ಏನ್ ಮಂದಿರಿ ಭಾಬಿ ಇವರು! ಅಂವ ಅಷ್ಟು ಸಾವಕಾಶ ಬರ್ಲಿಕತ್ತಾನ. ಓಡ್ಲಿಕ್ಕ ಏನ್ ಧಾಡಿ ಇವರಿಗೆ?"

ನಿದ್ದೆಯಲ್ಲಿದ್ದಾರೆಂದು ನಾನು ತಿಳಿದಿದ್ದ ನಮ್ಮವರು ಕಣ್ಣು ತೆರೆಯದೆಯೇ ಹೇಳಿದರು: "ಅಂಜಿದ್ರ ಕಾಲು ಏಳಂಗಿಲ್ಲ ಮಹಬೂಬ. ನನಗ ಗೊತ್ತದ."

ಪರದೆಯ ಮೇಲೆ ಯಾರೋ ಕಿರುಚಿದರು. ನಮ್ಮ ಮೂವರಲ್ಲಿ ಯಾರೂ ಅತ್ತ ನೋಡಲಿಲ್ಲ. ಆಸ್ಪತ್ರೆಯಿಂದ ಬಂದಂದಿನಿಂದ ಮೊಣಕಾಲು, ಬಿಸಿಲು, ಧೂಳು, ಬೀದಿನಾಯಿ ಎಂದು ನೆಪಗಳ ಪುರಾಣವನ್ನೇ ಕೇಳಿದ್ದ ನನಗೆ, ಈ ಒಂದು ಮಾತನ್ನು ಅವರು ಎಂದೂ ಹೇಳಿರಲಿಲ್ಲ. ನಾನು ಟೀವಿಯ ಧ್ವನಿ ಕಡಿಮೆ ಮಾಡಿದೆ.

"ರಸ್ತಾದಾಗ ಮತ್ತ ಬಿದ್ದರ?" ಎಂದರು ಅವರು, ಈಗ ಕಣ್ಣು ತೆರೆದು.

"ಬೀಳ್ರಿ," ಎಂದರು ಮಹಬೂಬ್ ಸಾಹೇಬರು. "ಟೆಂಪೋ ಎಲ್ಲಿ ಹೋಗ್ಯದ? ನಾಳಿ ಸಂಜಿಗಿ ನಡೀರಿ. ನೀವು ಮುಂದ, ನಾನು ನಿಮ್ಮ ಹಿಂದ."

ಮರುದಿನ ಬಿಸಿಲು ಇಳಿದ ಮೇಲೆ ಮಹಬೂಬ್ ಸಾಹೇಬರು ನಮ್ಮ ಬಾಗಿಲಿಗೆ ಬಂದಾಗ ನಾನು ಎರಡು ಸಲ ನೋಡಬೇಕಾಯಿತು. ಯಾರ್ಡಿನ ಧೂಳನ್ನು ತೊಳೆದಿರಲಿಲ್ಲ. ತಲೆಯಿಂದ ಪಾದದವರೆಗೆ ಬೆಳ್ಳಗಿದ್ದರು. ಒಂದು ಕೈ ಮುಂದೆ ಚಾಚಿ, ಎಡಗಾಲು ಎಳೆಯುತ್ತ, ಗಂಟಲಲ್ಲಿ ವಿಚಿತ್ರ ಸದ್ದು ಹೊರಡಿಸುತ್ತ ಅಂಗಳ ದಾಟಿ ಬಂದರು. ನಮ್ಮವರು ನಗು ತಡೆಯಲಾಗದೆ, "ಏ, ಮಂದಿ ನೋಡ್ತಾರ, ಬಿಡೋ ಮಾರಾಯ" ಎಂದರು. ಹೆಣ ಬಿಡಲಿಲ್ಲ. ಅದು ಹತ್ತಿರ ಬಂದಷ್ಟೂ ಇವರು ಸರಿದರು. ಸರಿಯುತ್ತ ಚಪ್ಪಲಿ ಮೆಟ್ಟಿದರು, ಹೊಸ್ತಿಲು ದಾಟಿದರು, ಓಣಿಗೆ ಇಳಿದರು. ನನ್ನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಓಣಿಯ ಹೆಂಗಸರು ಕಟ್ಟೆಗೆ ಬಂದು ನಿಂತರು. ಮಾನವಂತ ವ್ಯಾಪಾರಿ, ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವ ಮನುಷ್ಯ, ಹಾಡುಹಗಲೇ ಹೆಣವಾಗಿ ನಡೆಯುವುದನ್ನು ಅವರು ಎಂದೂ ಕಂಡಿರಲಿಲ್ಲ. "ಸಾಹೇಬ್ರಿಗಿ ಏನಾಗ್ಯಾದ್ರಿ ಬಾಯಾರ?" ಎಂದು ಒಬ್ಬಳು ಕೇಳಿದಳು. "ಡಾಕ್ಟರ್ ಹೇಳ್ಯಾರವ್ವಾ" ಎಂದು ನಾನು ನಿರ್ವಿಕಾರವಾಗಿ ಉತ್ತರಿಸಿದೆ. ನಮ್ಮವರು ತಿರುತಿರುಗಿ ಹಿಂದೆ ನೋಡಿ ನಗುತ್ತ, ನಗುವಿಗೇ ಏದುತ್ತ ಹೋದರು. ತಾವು ಕುಸಿದ ಜಾಗವನ್ನೂ ಹಾಗೆಯೇ ದಾಟಿಬಿಟ್ಟರು. ನನ್ನ ಎದೆ ಮಾತ್ರ ಅಲ್ಲಿ ಜೋರಾಗಿ ಬಡಿದುಕೊಂಡಿತು.

ಪಾಲಿಶ್ ಯಾರ್ಡಿನ ಗೇಟಿನವರೆಗೆ ಹೋಗಿ ಹೊರಳಿದೆವು. ಬರುವ ದಾರಿಯಲ್ಲಿ ಹೆಣದ ಸದ್ದು ನಿಂತದ್ದು ಕೇಳಿ ತಿರುಗಿದರೆ, ಮಹಬೂಬ್ ಸಾಹೇಬರು ದಾರಿಬದಿಯ ಕಲ್ಲಿನ ರಾಶಿಯ ಮೇಲೆ ಕೂತು ಎಡಮೊಣಕಾಲು ಹಿಡಿದುಕೊಂಡಿದ್ದರು. ಅಷ್ಟು ದೂರ ಕಾಲೆಳೆದದ್ದಕ್ಕೆ ಅದು ನಿಜವಾಗಿಯೇ ಹಿಡಿದುಕೊಂಡಿತ್ತು.

"ಏಳಲಿಕ್ಕೆ ಬರವಲ್ದು ಶರಣಪ್ಪಣ್ಣ," ಎಂದರು, ಈಗ ನಾಟಕವಿಲ್ಲದ ದನಿಯಲ್ಲಿ.

ನಮ್ಮವರು ನನ್ನ ಕೈ ಬಿಟ್ಟು ಅವರ ಬಳಿಗೆ ಹೋದರು. ಕಂಕುಳಿಗೆ ಕೈಕೊಟ್ಟು ನಿಧಾನವಾಗಿ ಎಬ್ಬಿಸಿ ನಿಲ್ಲಿಸಿ, ನನ್ನ ಕಡೆ ನೋಡಿದರು.

"ನೀ ಮುಂದ ಹೋಗಿ ಚಾಕ್ಕಿಡು. ಈ ದೆವ್ವಾನ್ನ ಮನಿ ಮುಟ್ಟಿಸಿ ಬರತೀನಿ."

ಹೂಂ ಎಂದು ನಾನು ಮುಂದೆ ನಡೆದೆ. ತಿರುಗಿ ನೋಡಬೇಕೆನ್ನಿಸಿತು, ನೋಡಲಿಲ್ಲ. ಹಿಂದೆ ಇಬ್ಬರ ಚಪ್ಪಲಿಗಳ ಸದ್ದು ಮನೆಯವರೆಗೂ ಕೇಳುತ್ತಲೇ ಬಂತು.