ಹತ್ತರವರೆಗಿನ ಮನೆಲೆಕ್ಕ

ಹೊತ್ತು ಮೂಡುವ ಮೊದಲೇ ಮೊಳಕಾಲ್ಮೂರಿನ ರೇಷ್ಮೆ ಕೊಟ್ಟಿಗೆಯಲ್ಲಿ ಹೊಗೆ ಏಳುತ್ತದೆ. ಕುದಿಯುವ ಹಂಡೆಯ ಮುಂದೆ ಕುಳಿತ ಸೂರಮ್ಮ ಕಡ್ಡಿಯಿಂದ ಗೂಡುಗಳನ್ನು ಕಲಕಿ, ಎಳೆಗಳ ತುದಿ ಹಿಡಿದು, ಒಟ್ಟು ಸೇರಿಸಿ ರಾಟೆಗೆ ಕೊಡುತ್ತಾರೆ. ಒಂದು ಗೂಡು ಮುಗಿದರೆ ಇನ್ನೊಂದರ ಎಳೆ ಕೂಡಲೇ ಸೇರಬೇಕು. ಇಲ್ಲದಿದ್ದರೆ ನೂಲು ಸಣಕಲಾಗುತ್ತದೆ. ಅದಕ್ಕೇ ಅವರ ತುಟಿಯ ಮೇಲೆ ಎಣಿಕೆ ನಿಲ್ಲುವುದೇ ಇಲ್ಲ: ‘ಒಕಟಿ, ರೆಂಡು, ಮೂಡು...’ ಈ ಊರಿನ ಸೀರೆ ಹೊಗಳುವವರು ನಾಡೆಲ್ಲ ಇದ್ದಾರೆ, ನೂಲು ತೆಗೆದವಳ ಹೆಸರು ಕೇಳಿದವರನ್ನು ನಾವಂತೂ ಕಾಣೆವು.

ಸೂರಮ್ಮ ದೇವಸಮುದ್ರದ ಕಡೆಯ ಕುರಿಹಟ್ಟಿಯವರು, ಮನೆಮಾತು ತೆಲುಗು. ಗಂಡ ತೀರಿಕೊಂಡ ಮೇಲೆ ಕುರಿ ಮಾರಿ, ಮಗಳು ಪಾತಮ್ಮನನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ಸಂತೆಯಲ್ಲಿ ಅವರ ಮಾತು ಕೇಳಿ ಜನ ನಕ್ಕರು. ಆ ಸಂಕಟ ಮಗಳಿಗೆ ಬೇಡವೆಂದು, ಪಾತಮ್ಮ ತೆಲುಗಾಡಿದಾಗಲೆಲ್ಲ ಗೂಡು ಕಲಕುವ ಕಡ್ಡಿಯಿಂದಲೇ ಕೈಗೆ ಬಿಗಿದರು. ಹುಡುಗಿಯ ಬಾಯಿ ಪೂರ್ತಿ ಕನ್ನಡಕ್ಕೆ ತಿರುಗಿತು. ಚಳ್ಳಕೆರೆಯಲ್ಲಿ ನೆಲೆಸಿದ ಅನುಕೂಲಸ್ಥ ನೆಂಟರ ಮನೆಗೆ ಸೊಸೆಯೂ ಆದಳು.

ಈಗ ಪಾತಮ್ಮ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಹೆಣ್ಣುಮಗು. ಇವರ ಹಟ್ಟಿಯಲ್ಲಿ ಒಂದು ಪದ್ಧತಿಯಿದೆ. ತೊಟ್ಟಿಲಿಗೆ ಹಾಕುವಾಗ ಹೆತ್ತವಳೇ ಕುರಿ ಎಣಿಸುವಂತೆ ಮಗುವಿನ ಬೆರಳು ಮುಟ್ಟುತ್ತ ಮನೆಮಾತಿನಲ್ಲಿ ಹತ್ತರವರೆಗೆ ಎಣಿಸಬೇಕು. ಆಮೇಲೆಯೇ ಮಗು ಹಟ್ಟಿಯ ಲೆಕ್ಕಕ್ಕೆ ಸೇರುವುದು. ತೊಟ್ಟಿಲ ದಿನ ಸೇರಿದವರೆದುರು ಪಾತಮ್ಮ ಮೂರಕ್ಕೇ ನಿಂತುಬಿಟ್ಟಳು.

“ಎಲ್ರೂ ನನ್ ಮಕಾನೇ ನೋಡಿದ್ರು ಸ್ವಾಮಿ. ಉಳಿದಿದ್ನ ನಾನೇ ಎಣಿಸ್ದೆ. ಮಗಳು ಅತ್ಲು. ಆ ಕಡ್ಡಿ ಮುರಿದು ಒಲೆಗೆ ಹಾಕ್ಬೇಕು ಅನ್ನಿಸ್ತು” ಎನ್ನುತ್ತಾರೆ ಸೂರಮ್ಮ.

ಕೊಟ್ಟಿಗೆಗೆ ನೂಲು ತೆಗೆಯುವ ಹೊಸ ಕ್ರಮ ಕಲಿಸಲು ಜಪಾನಿನ ಮೇಷ್ಟ್ರೊಬ್ಬರು ಬಂದಿದ್ದಾರೆ. ಸೂರಮ್ಮನ ಎಣಿಕೆ ಕೇಳಿ ಅವರಿಗೆ ತಮ್ಮೂರು ನೆನಪಾಯಿತಂತೆ. ಅವರ ಇಂಗ್ಲಿಷನ್ನು ಮೇಸ್ತ್ರಿ ಮುರುಗೇಂದ್ರಪ್ಪ ಕನ್ನಡಕ್ಕೆ ತಂದು ಹೇಳಿದರು. ಹಿಂದೆ ಚೀನಾದಿಂದ ಅಕ್ಷರ, ಗ್ರಂಥಗಳೊಂದಿಗೆ ರಾಶಿ ರಾಶಿ ಮಾತು ಕಡಲು ದಾಟಿ ಜಪಾನಿಗೆ ಬಂತಂತೆ. ಒಂದು, ಎರಡಕ್ಕೆ ಇಚಿ, ನಿ ಎಂಬ ಎಣಿಕೆ ಹಾಗೆ ಬಂದದ್ದು. ಹಿತೊತ್ಸು, ಫುತತ್ಸು ಎಂಬ ಮನೆಯ ಎಣಿಕೆ ಮಾತ್ರ ಹತ್ತರವರೆಗೆ ಇಂದಿಗೂ ಉಳಿದಿದೆ. ಅಷ್ಟೇ ಅಲ್ಲ, ಬಹಳ ಹಿಂದೆ ಅಲ್ಲಿ ಹೂವಿಗೆ ‘ಪನ’ ಎನ್ನುತ್ತಿದ್ದರಂತೆ. ಕಾಲ ಸವೆದಂತೆ ಪಕಾರವೂ ಸವೆದು ‘ಹನ’ ಆಯಿತು.

“ಅಯ್ಯೋ, ನಮ್ದೂ ಅಂಗೇ ಅಲ್ವೇನ್ರೀ, ಮನೇಲಿ ಪುವ್ವು, ಬೀದೀಲಿ ಹೂವು” ಎಂದು ಸೂರಮ್ಮ ನಕ್ಕರು. ನಗು ಬಹಳ ಹೊತ್ತು ನಿಲ್ಲಲಿಲ್ಲ.

“ಅಷ್ಟು ದೊಡ್ಡ ಸೀಮೆ ಮಾತು ಬಂದ್ರೂ ಅವ್ರು ಮನೆ ಮಾತ್ನ ಹೊರಗ್ ಹಾಕ್ಲಿಲ್ಲ. ಎರಡಕ್ಕೂ ಜಾಗ ಕೊಟ್ರು. ನಾನು ಹೆತ್ತವ್ಳು, ನಾನೇ ಹೊಡೆದು ಹೊರಗ್ ಹಾಕ್ದೆ. ಕನ್ನಡ ಕಲಿ ಅಂದಿದ್ರೆ ಸಾಕಿತ್ತು.”

ತಿಂಗಳು ತುಂಬುತ್ತಲೇ ಪಾತಮ್ಮ ಚಳ್ಳಕೆರೆಗೆ ಮರಳುತ್ತಾಳೆ. ಈಗಲಾದರೂ ಕಲಿಯೆಂದು ಸೂರಮ್ಮ ಮೊನ್ನೆ ಮಗಳನ್ನು ಕೂರಿಸಿಕೊಂಡರು. “ಬ್ಯಾಡ ಬಿಡವ್ವಾ. ಬಾಯಿ ತೆಗೆದ್ರೆ ಈಗ್ಲೂ ಕೈ ಹಿಂದಕ್ಕೆ ಹೋಗ್ತೈತೆ” ಎಂದಳು ಪಾತಮ್ಮ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಸೂರಮ್ಮ ಹಂಡೆಯಿಂದ ಕಣ್ಣೆತ್ತುವುದಿಲ್ಲ.

“ಮೊಮ್ಮಗೂಗೆ ನಾಚ್ಕೆ ಅನ್ನೋದು ತಿಳಿಯೋದ್ರೊಳಗೆ, ನನ್ ಮಗಳು ಅದನ್ನ ಒಂದ್ಸಲ ಎಣಿಕೆ ಕಲ್ಸಕ್ಕೆ ನನ್ ತೊಡೆ ಮ್ಯಾಲೆ ಬಿಟ್ರೆ ಸಾಕು ಸ್ವಾಮಿ.”