ನಿಂತೇ ಓಡಿಸುವ ಟ್ರಾಲಿ

ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಲು ಮುಚ್ಚಳ ತಿರುಗಿಸಿದರೆ ಸಾಕು, ಆ ಹುಳಿ ವಾಸನೆಗೆ ನನ್ನ ಎದೆ ಇಂದಿಗೂ ಝಲ್ಲೆನ್ನುತ್ತದೆ. ನನಗದು ಅಪ್ಪನ ವಾಸನೆ. ಕಲ್ಕತ್ತೆಯ ಡಮ್ ಡಮ್ ಹತ್ತಿರ ನಮ್ಮ ರೈಲ್ವೆ ಕ್ವಾರ್ಟರ್ಸ್ ಇತ್ತು. ಪಕ್ಕದ ಮನೆಯಿಂದ ಸಾಸಿವೆ ಎಣ್ಣೆಯ ಘಾಟು ಬರುತ್ತಿತ್ತು, ನಮ್ಮ ಎರಡು ಕೋಣೆಗಳಲ್ಲಿ ಜೋಳದ ರೊಟ್ಟಿಯ ಜೊತೆ ಈ ಆ್ಯಸಿಡ್ ವಾಸನೆ. ಧಾರವಾಡ ಬಿಟ್ಟು ಬಂದ ಅಪ್ಪ, ಪ್ಲಾಟ್‌ಫಾರ್ಮಿನಲ್ಲಿ ಪಾರ್ಸಲ್ ಎಳೆಯುವ ಬ್ಯಾಟರಿ ಟ್ರಾಲಿಗಳನ್ನು ರಿಪೇರಿ ಮಾಡುತ್ತಿದ್ದರು. ಆ್ಯಸಿಡ್ ಸಿಡಿದು ಅವರ ಅಂಗಿಗಳ ತುಂಬ ತೂತು. ಅವ್ವ ಹೊಲಿದು ಹೊಲಿದು ಬೇಸತ್ತು, "ಇನ್ನ ಜರಡೀನೇ ತೊಟ್ಕೊಂಡು ಹೋಗ್ರಿ" ಎನ್ನುತ್ತಿದ್ದಳು.

ಆ ಟ್ರಾಲಿಗೆ ಸೀಟು ಇರಲಿಲ್ಲ. ಡ್ರೈವರ್ ನಿಂತೇ ಓಡಿಸಬೇಕು. ಕಾಲಡಿಯ ಪೆಡಲ್ ಅದುಮಿ ಹಿಡಿದರಷ್ಟೇ ಬ್ರೇಕ್ ಬಿಡುತ್ತಿತ್ತು. ಇಳಿದರೆ ಗಕ್ಕನೆ ಹಿಡಿದುಕೊಳ್ಳುತ್ತಿತ್ತು. ಒಮ್ಮೆ ನಾನು ಹತ್ತಿ ಎಷ್ಟು ಕುಣಿದಾಡಿದರೂ ಪೆಡಲ್ ಕೆಳಗಿಳಿಯಲಿಲ್ಲ. "ದೊಡ್ಡವರ ಭಾರ ಬೇಕವಾ ಇದಕ್ಕ" ಎಂದು ಅಪ್ಪ ನಕ್ಕಿದ್ದರು. ಮರುವರ್ಷ ಕಾಮಾಲೆ ಆಗಿ ಅಪ್ಪ ಹೋಗಿಬಿಟ್ಟರು.

ಅಪ್ಪನ ತಾಯಿ, ನಮ್ಮ ಆಯಿ, ನಮ್ಮನ್ನು ಧಾರವಾಡಕ್ಕೆ ಕರೆದೊಯ್ಯಲೆಂದೇ ಬಂದರು. ಅಪ್ಪನ ಜಾಗದಲ್ಲಿ ಅವ್ವನಿಗೆ ರೈಲ್ವೆಯವರು ಕೆಲಸ ಕೊಡುವವರಿದ್ದರು. "ಮಗನ್ನ ನುಂಗಿದ ಊರಾಗ ಒಂದು ದಿನಾನೂ ಇರಬ್ಯಾಡ್ರಿ" ಎಂದು ಆಯಿಯ ಹಟ. "ಅಲ್ಲಿ ಬಂದು ಯಾರ ಮುಂದ ಕೈ ಚಾಚಲ್ರೀ ಅತ್ತೀ? ಸುಮಿ ಸಾಲಿ ಇಲ್ಲೇ ಅದ" ಎಂದು ಅವ್ವ ನನ್ನತ್ತ ನೋಡಿದಳು. ಹಿರಿಯರ ಮಾತು ಮೀರಿ ಅವ್ವನಿಗೆ ಗೊತ್ತೇ ಇರಲಿಲ್ಲ. ಕೊನೆಗೆ ಟಿಕೆಟ್ಟೂ ಆಯಿತು.

ಹೊರಡುವ ವಾರ ವಿಶ್ವಕರ್ಮ ಪೂಜೆ ಬಂತು. ಯಾರ್ಡಿನ ಮೂಲೆಯ ತಗಡಿನ ಶೆಡ್ಡೊಂದನ್ನು ಮ್ಯೂಸಿಯಂ ಮಾಡಿದ್ದರು. ಪೂಜೆಯ ದಿನವೇ ಅದರ ಹಬ್ಬ. ಕೆಲಸದಿಂದ ತೆಗೆದ ಟ್ರಾಲಿಗಳಿಗೆ ಹಸಿರು ಬಣ್ಣ ಬಳಿದು, ಬ್ಯಾಟರಿ ಬಿಚ್ಚಿ, ಚೆಂಡುಹೂವು ಹಾಕಿ, ಮುಂದಕ್ಕೆ ತುಸು ಇಳಿಜಾರಾದ ನೆಲದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮೊದಲನೆಯದು ಅಪ್ಪ ಕೊನೆಯದಾಗಿ ರಿಪೇರಿ ಮಾಡಿದ್ದು. ಆಯಿ ಅದರ ಮೈ ಸವರಿದರು. ಆಯುಧಗಳಿಗೆ ಮಾಡುವ ನಮ್ಮ ಕಡೆಯ ಖಂಡೇ ಪೂಜೆಯೇ ಇದು ಎಂದುಕೊಂಡು, ಸೆರಗಿನಿಂದ ನಿಂಬೆಹಣ್ಣು ತೆಗೆದು ಚಕ್ರಗಳ ಮುಂದೆ ಇಟ್ಟರು. ಪೂಜೆಯಾದ ಮೇಲೆ ಗಾಡಿ ಅವನ್ನು ತುಳಿದು ಮುಂದೆ ಸಾಗಬೇಕಲ್ಲ! ಅಪ್ಪನ ಜೊತೆಗಾರ, ಬಂಗಾಲಿಯಲ್ಲಿ ನಾನು ಕಾಕು, ಅಂದರೆ ಕಾಕಾ, ಎನ್ನುತ್ತಿದ್ದ ಹರಿಪದ ಹೌಹಾರಿ ಬಂದರು. "ಆಜ್ ಮೆಶಿನ್ ಚೊಲ್ಬೆ ನಾ, ಮಾಶಿಮಾ!" ಬಂಗಾಲದಲ್ಲಿ ಆ ದಿನ ಯಂತ್ರಗಳಿಗೆ ಪೂರ್ತಿ ವಿಶ್ರಾಂತಿ, ಯಾವುದನ್ನೂ ಅಲ್ಲಾಡಿಸುವಂತಿಲ್ಲ. ಆಯಿಗೆ ಭಾಷೆ ತಿಳಿಯಲಿಲ್ಲ. ಮುದುಕಿಯ ಮನಸ್ಸು ನೋಯಿಸಬಾರದೆಂದು ಕಾಕು ಹಣ್ಣುಗಳನ್ನು ಹಾಗೇ ಬಿಟ್ಟರು.

ಎಲ್ಲರೂ ಖಿಚುಡಿ ಪ್ರಸಾದಕ್ಕೆ ಹೊರಗೆ ಹೋದರು, ಆಯಿಯೂ. ಶೆಡ್ಡಿನಲ್ಲಿ ಅವ್ವ ಮತ್ತು ನಾನು ಮಾತ್ರ. ಅವ್ವ ಟ್ರಾಲಿಯ ಬಳಿ ನಿಂತಿದ್ದಳು, ನಾನು ಆಚೆ ತುದಿಯಲ್ಲಿ ಹಳೆಯ ಸಿಗ್ನಲ್ ದೀಪಗಳನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಲೋಡ್‌ಶೆಡ್ಡಿಂಗ್! ಆ ಕಾಲದ ಕಲ್ಕತ್ತೆಯಲ್ಲಿ ಅದೇನು ಹೊಸದಲ್ಲ. ಆದರೆ ಕಿಟಕಿಯಿಲ್ಲದ ಶೆಡ್ಡು, ಬಾಗಿಲಿಗೆ ದಪ್ಪ ಶಾಮಿಯಾನದ ಬಟ್ಟೆ, ನಡುಹಗಲಲ್ಲೇ ಕಗ್ಗತ್ತಲೆ. ಫ್ಯಾನುಗಳು ನಿಂತವು. ಹೊರಗಿನ ಗದ್ದಲವೂ ಯಾಕೋ ಕೇಳದಾಯಿತು. ಆಗ ಟ್ರಾಲಿಯ ಸ್ಪ್ರಿಂಗು ಮೆಲ್ಲಗೆ ನರಳಿತು, ಯಾರೋ ಹತ್ತಿದಾಗ ನರಳುವಂತೆ. ಪೆಡಲ್ ಕಟ್ ಎಂದಿತು. ಪಿಚಕ್ಕನೆ ಹಣ್ಣು ಒಡೆದ ಸದ್ದು. ಹುಳಿ ಪರಿಮಳ ನನ್ನವರೆಗೂ ಬಂತು.

ಕರೆಂಟು ಬಂದಾಗ ಟ್ರಾಲಿ ಒಂದು ಮೊಳ ಮುಂದೆ ಬಂದು ನಿಂತಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. ಒಳಗೆ ಬಂದ ಆಯಿ ಅಪ್ಪಚ್ಚಿಯಾದ ಹಣ್ಣುಗಳನ್ನು ನೋಡಿ ಅಲ್ಲೇ ಕುಸಿದು ಕುಳಿತು, ಅಪ್ಪನ ಹೆಸರು ಹಿಡಿದು ಕರೆದರು. "ಶೀನ್ಯಾ... ಇಲ್ಲೇ ಅದೀ ಏನೋ ನನ್ನಪ್ಪಾ?" ಹರಿಪದ ಕಾಕು ಕೈಮುಗಿದು ಹಿಂದೆ ಸರಿದರು. ಅಂದೇ ಸಂಜೆ ಆಯಿ, "ನನ್ನ ಮಗನ್ನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ" ಎಂದು ಟಿಕೆಟ್ ವಾಪಸು ಮಾಡಿಸಿದರು. ಅವ್ವ ಕೆಲಸಕ್ಕೆ ಸೇರಿದಳು. ಆಯಿ ಸಾಯುವವರೆಗೂ ನಮ್ಮೊಂದಿಗೇ ಇದ್ದರು. ಆಗಾಗ ಶೆಡ್ಡಿಗೆ ಹೋಗಿ, "ಉಂಡ್ಯೇನೋ?" ಎಂದು ಟ್ರಾಲಿಯನ್ನು ಕೇಳಿ ಬರುತ್ತಿದ್ದರು. ನಮ್ಮ ಮೂವರ ಆ ಮನೆ ಎಷ್ಟು ಚೆನ್ನಾಗಿತ್ತು!

ಈಗ ಶೆಡ್ಡೂ ಇಲ್ಲ, ಕ್ವಾರ್ಟರ್ಸೂ ಇಲ್ಲ. ಅವ್ವನಿಗೆ ವಯಸ್ಸಾಗಿದೆ. ಮೊನ್ನೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ನಗುತ್ತಾ ಹೇಳಿದೆ. "ಅವ್ವಾ, ಕತ್ತಲ್ಯಾಗ ಹತ್ತಿ ಪೆಡಲ್ ಒತ್ತಿದ್ದು ನೀನೇ ಅಂತ ನಂಗ ಅವತ್ತೇ ಗೊತ್ತಿತ್ತು. ಆಯಿ ಸಲುವಾಗಿ ಸುಮ್ಮನಿದ್ದೆ."

ಅವ್ವನ ಕೈ ನಿಂತಿತು. "ನಾನ? ನೀನಲ್ಲೇನು ಹತ್ತಿ, ಇಳಿದು ಆಚಿ ಓಡಿದ್ದು?"

"ನನ್ನ ಭಾರಕ್ಕ ಆ ಪೆಡಲ್ ಇಳೀತಿರಲಿಲ್ಲವಾ."

ಅಪ್ಪ ಹೋದ ದಿನವೂ ನನ್ನೆದುರು ಅಳದಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೈ ಚಾಚಿದ್ರ ಸಿಗೂವಷ್ಟು ಹತ್ರ ಯಾರೋ ಉಸಿರಾಡಿದ್ದು ಕೇಳಿಸ್ತು, ಸುಮಿ. ನೀನೇ ಅಂತ ತಿಳಕೊಂಡು ಸುಮ್ಮನ ನಿಂತೆ" ಎಂದಳು. "ಅಯ್ಯ, ನಾ ಅವರನ್ನ ಮಾತಾಡಸಲೇ ಇಲ್ಲಲ್ಲವಾ."